ಅತ್ತೆ ತೊಳೆದ ಕಾಲು

ಒರಳಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ಎಣ್ಣೆ ಬಿಡುವ ಹದಕ್ಕೆ ಬಂದಿತ್ತು, ಕೈ ನಿಲ್ಲಿಸುವಂತಿರಲಿಲ್ಲ. ಅಷ್ಟರಲ್ಲಿ ಸೋಲಾಪುರದ ಎಸ್.ಟಿ. ಬಸ್ಸು ಇಳಿದು ಮೈದುನ ಬಂದ. ಅವನು ಅಲ್ಲಿಯ ಒಂದು ಕಚೇರಿಯಲ್ಲಿ ಕಾರಕೂನ. ಚಪ್ಪಲಿ ಬಿಡುತ್ತಲೇ ಹೇಳಿದ:

“ವೈನಿ, ಅಣ್ಣನ ನಂಬರ್ ಬಂದೈತ್ರಿ. ಸೋಮವಾರ ಕರದಾರ.”

ಎಪ್ಪತ್ತೊಂದರ ಲಡಾಯಿಯಲ್ಲಿ, ನೆಲದಲ್ಲಿ ಹುಗಿದಿಟ್ಟ ಸುರುಂಗದ ಬಾಂಬು ಸಿಡಿದು ನಮ್ಮ ಮನೆಯವರ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಜೀವ ಉಳಿಯಿತು. ದೇವರ ಮೊದಲ ದಯೆ ಅದು. ಆಮೇಲಿನ ದಯೆಗಳು ಸರಕಾರದ ಕೈಯಿಂದ ಬಂದವು. ಗಾಯದ ಪೆನ್ಶನ್ ದಿಲ್ಲಿಯಿಂದ ಬರುತ್ತಿತ್ತು. ಪುಣೆಯ ಫೌಜಿ ದವಾಖಾನೆಯಲ್ಲಿ ಮಾಡಿಸಿಕೊಟ್ಟ ಕಾಲೂ ದಿಲ್ಲಿಯದೇ, ಹೋಗಿಬರುವ ರೈಲಿನ ಪಾಸೂ ಸೇರಿ. ಮಗಳ ಸಾಲೆಯ ಫೀ ಮಾಫಿ ಮಾಡಿದ್ದು ನಮ್ಮೂರನ್ನು ಆಳುವ ಮುಂಬೈ ಸರಕಾರ. ಅದೇ ಸರಕಾರ ಗಾಯಗೊಂಡ ಸಿಪಾಯಿಗಳಿಗೆಂದು ಕೆಲವು ನೌಕರಿಗಳನ್ನೂ ತೆಗೆದಿಟ್ಟಿತ್ತು. ಈಗ ಕರೆ ಬಂದದ್ದು ಅಂಥ ಒಂದಕ್ಕೆ: ಸೋಲಾಪುರದ ಗೋದಾಮಿನಲ್ಲಿ ಚೌಕಿದಾರನ ಕೆಲಸ.

ಪೆನ್ಶನ್ನಿನಲ್ಲಿ ರೊಟ್ಟಿಗೆ ಕೊರತೆ ಇರಲಿಲ್ಲ. ಆದರೆ ಪ್ರಾಯದ ಗಂಡಸು ದಿನವಿಡೀ ಕಟ್ಟೆಯ ಮೇಲೆ ಕೂತು ಹೋಗಿಬರುವ ಬಸ್ಸು ನೋಡುತ್ತಿದ್ದರೆ ಮನೆ ಮನೆಯಂತಿರುವುದಿಲ್ಲ. ಮಾತು ಕಡಿಮೆಯಾಗಿತ್ತು. ಮಗಳು ಪಾಟಿ ತಂದು ತೋರಿಸಿದರೂ ‘ಹ್ಞೂಂ’ ಅನ್ನುವರಷ್ಟೇ. ಈ ನೌಕರಿ ಸಿಗಲೇಬೇಕಿತ್ತು.

“ಕಾಲ ಹಾಕ್ಕೊಂಡು ನಡದು ತೋರಸಬೇಕಂತ,” ಅಂದ ಮೈದುನ. “ಕೋಲ ಊರಕೋತ ಹೋದ್ರ ಆಗಂಗಿಲ್ಲ.”

ತೊಡಕು ಇದ್ದದ್ದು ಅಲ್ಲೇ. ಆ ಕಾಲಿಗೆ ತೊಡೆಯ ತನಕ ಬಿಗಿಯುವ ತೊಗಲಿನ ಪಟ್ಟಿ, ಕೆಳಗೆ ಬೂಟು. ತೊಗಲು ಲಿಂಗಪೂಜೆಯ ಮನೆಯೊಳಗೆ ಬರಬಾರದೆಂದು ಅತ್ತೆ ಅದನ್ನು ಹೊಸ್ತಿಲು ದಾಟಿಸಿರಲಿಲ್ಲ. ಕಟ್ಟೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುತ್ತಿತ್ತು. ಓಣಿಯಲ್ಲಿ ಎಲ್ಲರೆದುರು ಕಾಲು ಕಟ್ಟಿಕೊಳ್ಳಲು ಇವರಿಗೆ ನಾಚಿಕೆ. ಹೀಗಾಗಿ ನಡಿಗೆಯ ರೂಢಿಯೇ ಆಗಿರಲಿಲ್ಲ.

ಅತ್ತೆ ಬತ್ತಿ ಹೊಸೆಯುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ದಿಲ್ಲಿ ಸರಕಾರ ಕಾಲ ಕೊಟ್ಟೈತಿ, ಮುಂಬೈ ಸರಕಾರ ಚಾಕರಿ ಕೊಡಾಕತ್ತೈತಿ. ಹಡದಾಕಿ ನಾ ಹೊಸ್ತಿಲಕ್ಕ ಅಡ್ಡ ನಿಂತ್ರ ಮಂದಿ ಏನಂದಾರು? ಒಳಗ ತರ್ರಿ. ಪಡಸಾಲ್ಯಾಗ ನಡದು ರೂಢಿ ಮಾಡ್ಕೊಳ್ಳಲಿ.”

ಮರುದಿನ ಗುರುವಾರ, ಕಾಯಿ ಒಡೆಸಲು ಗುಡಿಗೆ ಹೋದೆ. ಪರಸ್ಥಳದ ಮಂದಿ ನೆರೆದು ಸಾಲು ಉದ್ದವಾಗಿತ್ತು. ಇವರು ಕ್ಷೌರಕ್ಕೆ ಹೋಗಿದ್ದರು. ತಿರುಗಿ ಬರುವಾಗ ನಾವಿಬ್ಬರೂ ಮನೆಯ ಬಾಗಿಲಲ್ಲೇ ಕೂಡಿದೆವು. ನೋಡಿದರೆ ಅಂಗಳದ ಬಿಸಿಲಲ್ಲಿ ಕಾಲು ನಿಂತಿದೆ, ತೊಯ್ದು ಒಣಗಿ. ಹೊರಗಿನಿಂದ ಬಂದ ಯಾವುದನ್ನೂ ಅತ್ತೆ ತೊಳೆಯದೆ ಒಳಗೆ ಬಿಟ್ಟವರಲ್ಲ. ಸೀಗೆಕಾಯಿ ಹಚ್ಚಿ, ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಮೇಲೆ ಮೂರು ಬೆರಳಿನ ವಿಭೂತಿಯನ್ನೂ ಎಳೆದಿದ್ದರು. ತೊಗಲು ಸುಕ್ಕಾಗಿ ಹಪ್ಪಳದಂತೆ ಸೆಟೆದಿತ್ತು.

ಇವರು ಕೂತು ಕಟ್ಟಿ ನೋಡಿದರು. ಲಾಡಿ ಎಷ್ಟು ಎಳೆದರೂ ಪಟ್ಟಿಯ ಎರಡು ಅಂಚುಗಳ ನಡುವೆ ನಾಲ್ಕು ಬೆರಳು ತೆರಪು.

“ಅವ್ವಾ, ಬೂಟಿಗೂ ಇಬತ್ತಿ ಹಚ್ಚೀಯಲ್ಲ.”

“ಹಚ್ಚೇನಿ. ಅದೇನು ನಿನ್ನ ಕಾಲಲ್ಲೇನು?”

“ಕಾಲ ಖರೆ. ಆದ್ರ ಜಳಕಾ ಮಾಡೂ ಕಾಲಲ್ಲ.”

ಅತ್ತೆಗೆ ಆಗ ತಿಳಿಯಿತು. ಮುಖ ಇಷ್ಟು ಸಣ್ಣಗಾಯಿತು. ಒಳಗೆ ಹೋಗಿ ಹರಳೆಣ್ಣೆಯ ಗಿಂಡಿ ತಂದರು, ಕಾಲನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡರು, ತಿಕ್ಕತೊಡಗಿದರು. ಆ ದಿನದ ತನಕ ತೊಗಲು ಮುಟ್ಟಿದವರೇ ಅಲ್ಲ. ಭಾನುವಾರ ಸಂಜೆಯ ತನಕ ತಿಕ್ಕಿದರು, ತಿಕ್ಕಿದಾಗೊಮ್ಮೆ ಸ್ನಾನ ಮಾಡಿದರು. ನೀರು ಕಾಯಿಸಿ ಕಾಯಿಸಿ ನನಗೂ ಸಾಕಾಯಿತು. ತೆರಪು ಎರಡು ಬೆರಳಿಗೆ ಇಳಿಯಿತು, ಅದಕ್ಕಿಂತ ಕಡಿಮೆಯಾಗಲಿಲ್ಲ. ಇವರು ಗೋಡೆ ಹಿಡಿದು ಪಡಸಾಲೆಯಲ್ಲಿ ನಡೆದರು.

ಸೋಮವಾರ ಅಣ್ಣತಮ್ಮಂದಿರು ಮೊದಲ ಬಸ್ಸಿಗೆ ಹೋದರು. ನಾನು ಒಪ್ಪತ್ತು ಹಿಡಿದೆ. ಅತ್ತೆ ಜಪ ಮಾಡುತ್ತ ಬಾಗಿಲಲ್ಲೇ ಕೂತರು. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಂದರು.

“ಬಾಗಿಲಿಂದ ಮೇಜಿನ ತನಕ ನಡೀ ಅಂದ್ರು, ನಡದ,” ಮೈದುನ ಹೇಳಿದ. “ಕಾಲ ಜಾರಾಕತ್ತಿತ್ತು. ಎಣ್ಣಿ ವಾಸನಿ ಯಾಕ ಬರ್ತೈತಿ ಅಂತ ಸಾಹೇಬ ಕೇಳಿದ. ಅಣ್ಣ ಹೇಳೇ ಬಿಟ್ಟ, ನಮ್ಮವ್ವ ಜಳಕಾ ಮಾಡಿಸ್ಯಾಳ್ರಿ ಅಂತ.”

“ನಕ್ಕನೇನು?” ಅತ್ತೆ ಕೇಳಿದರು.

“ಇಲ್ಲವ್ವ. ಕುಂಡ್ರು ಅಂದ. ಗೋದಾಮ ಸುತ್ತೂದು ಈ ಕಾಲಿಗೆ ಆಗಂಗಿಲ್ಲ, ಗೇಟಿನಾಗ ಕುಂತು ಲಾರಿ ಒಳಗ ಹೊರಗ ಬಿಡೂ ಕೆಲಸ ಒಂದೈತಿ, ಅದನ್ನ ಮಾಡು ಅಂದ. ಬರೂ ತಿಂಗಳಾ ಹಾಜರಾಗಬೇಕು.”

ಪಗಾರ ಚೌಕಿದಾರನಿಗಿಂತ ತುಸು ಕಡಿಮೆ. ಆದರೂ ಎದ್ದು ಹೋಗಿ ದೇವರ ಮುಂದೆ ಅಡ್ಡಬಿದ್ದು ಬಂದೆ. ಕಾಲನ್ನು ಅಷ್ಟರೊಳಗೆ ಪುಣೆಯಲ್ಲಿ ಪುಕ್ಕಟೆ ದುರಸ್ತಿ ಮಾಡಿಕೊಡುತ್ತಾರೆ, ಪಾಸು ಕೊಡುತ್ತಾರೆ ಎಂದೂ ಸಾಹೇಬರು ತಿಳಿಸಿದ್ದರಂತೆ.

“ಪುಣಾದವ್ರು ಬೈತಾರೇನೋ?” ಅತ್ತೆಯ ದನಿ ಸಣ್ಣಗಿತ್ತು.

“ಬೈತಾರ. ಅದಕ್ಕ ನೀನೂ ಬಾ. ಪಾಸ್ ಇಬ್ಬರಿಗೈತಿ.” ಬಹಳ ದಿನಗಳ ಮೇಲೆ ಇವರು ನಗುವುದನ್ನು ಕಂಡೆ.

“ಬರ್ತೀನೇಳು. ಬೈಯೂದಿದ್ರ ನನಗಾ ಬೈಲಿ.”

ಬೂಟನ್ನು ಮಾತ್ರ ಅತ್ತೆ ಕಟ್ಟೆಯಲ್ಲಿ ಬಿಚ್ಚಿಸಿದರು. ಇವರು ಕಾಲಿನ ಸಮೇತ ಪಡಸಾಲೆಗೆ ಬಂದು ಕೂತರು. ಪಟ್ಟಿ ಬಿಚ್ಚಿದಾಗ ಮೊಂಡುಗಾಲಿನ ಚರ್ಮ ಉಜ್ಜಿ ಕೆಂಪಾಗಿತ್ತು. ಬೆಚ್ಚನೆಯ ನೀರಿನಿಂದ ಒರೆಸಿ ಅರಿಸಿನ ಹಚ್ಚಿದೆ. ನಾಳೆ ಗಿರಣಿಗೆ ಒಯ್ಯುವ ಜೋಳ ಇನ್ನೂ ಹಸನು ಮಾಡಿರಲಿಲ್ಲ. ಕಂದೀಲನ್ನು ಹತ್ತಿರ ಎಳೆದುಕೊಂಡು ಮೊರ ಹಿಡಿದು ಕೂತೆ.