ಜಯಮ್ಮನವರ ಕಿವಿಯಲ್ಲಿದ್ದ ದನಿ

ಕೋವಿಡ್ ಗಲಾಟೆ ಅಡಗಿದ ಮರುವರ್ಷ ನಾನು ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಕಿವಿ ಎಷ್ಟು ಕೇಳುತ್ತದೆಂದು ಅಳೆದು, ಬೇಕಾದವರಿಗೆ ಹಿಯರಿಂಗ್ ಏಡ್ ಹೊಂದಿಸಿಕೊಡುವುದು ನನ್ನ ಕೆಲಸ.

ಜರಗನಹಳ್ಳಿಯ ಜಯಮ್ಮನವರನ್ನು ಅವರ ಮಗ ಮಂಜುನಾಥ್ ಕರೆತಂದಿದ್ದರು. ಎಪ್ಪತ್ತರ ಆಸುಪಾಸಿನ ಹೆಂಗಸು. ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗಲೆಲ್ಲ ಬಟನ್ ಒತ್ತಲು ಹೇಳಿದೆ. ನಾನು ಏನನ್ನೂ ಕಳಿಸದಿದ್ದಾಗಲೂ ಅವರು ಒತ್ತುತ್ತಿದ್ದರು.

"ಯಾರೋ 'ಅವ್ವಾ' ಅಂತ ಕೂಗ್ತಾರಲ್ಲ ಮೇಡಂ" ಎಂದರು.

ಮಂಜುನಾಥ್ ನನ್ನನ್ನು ಪಕ್ಕಕ್ಕೆ ಕರೆದರು. "ಮನೇಲೂ ಹಿಂಗೇ ಅಂತಾರೆ. ತಲೆ ಏನಾದ್ರೂ ಕೆಟ್ಟಿದ್ಯಾ?"

ಹುಚ್ಚಲ್ಲ ಎಂದೆ. ಕಿವಿಯ ಮೂಲಕ ಒಳಗೆ ಹೋಗುವ ಸದ್ದು ಕಡಿಮೆಯಾದಾಗ ಕೆಲವರ ಮೆದುಳು ನೆನಪಿನಿಂದಲೇ ಹಾಡನ್ನೋ ದನಿಯನ್ನೋ ತುಂಬಿಕೊಳ್ಳುತ್ತದೆ. ಹಿಯರಿಂಗ್ ಏಡ್ ಹಾಕಿದರೆ ಎಷ್ಟೋ ಸಲ ಅದು ನಿಲ್ಲುತ್ತದೆ. ಬೇರೆ ತೊಂದರೆಯಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಎರಡೂ ಕಿವಿಗೆ ಹಾಕಿಕೊಟ್ಟೆ.

ಕೆಲವು ದಿನ ಬಿಟ್ಟು ಮಗನ ಜೊತೆ ಬಂದ ಜಯಮ್ಮ ಮಿಷನ್ನುಗಳನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು.

"ಎಲ್ಲಾ ಚೆನ್ನಾಗಿ ಕೇಳ್ತದೆ ಮೇಡಂ. ಕುಕ್ಕರ್ರು, ಕನಕಪುರ ರೋಡಿನ ಬಸ್ಸು, ಎಲ್ಲಾ. ನನ್ನ ಮಗಳು ಶೀಲ ಮಾತ್ರ ಕರೀತಿಲ್ಲ. ಅವಳನ್ನ ಇನ್ನೊಂದ್ಸಲ ಮಣ್ಣು ಮಾಡ್ದಂಗಾಯ್ತು."

ವಾಸಿ ಮಾಡಿದೆನೆಂಬ ಖುಷಿಯಲ್ಲಿದ್ದವಳು ನಾನು. ಅವರ ಕಿವಿಯ ಹತ್ತಿರ ಬಗ್ಗಿ, "ಯಾರೋ ಅಂದಿದ್ರಲ್ಲಮ್ಮ?" ಎಂದೆ.

"ಅವಳೇ ಅಂದ್ರೆ ಔಷಧಿ ಕೊಟ್ಟು ನಿಲ್ಲಿಸ್ಬಿಡ್ತೀರಿ ಅಂತ ಹೇಳ್ಲಿಲ್ಲ."

ಮಂಜುನಾಥ್ ನನ್ನ ಕಡೆ ತಿರುಗಿದರು. "ಶೀಲ ನಮ್ಮಕ್ಕ. ತೀರ್ಕೊಂಡು ಆರು ವರ್ಷ ಆಯ್ತು. ಅವ್ವ ಅಳ್ತಾರೆ ಅಂತ ಮನೇಲಿ ಯಾರೂ ಅವಳ ಹೆಸರೇ ಎತ್ತಲ್ಲ" ಎಂದರು. ಮಿಷನ್ ತೆಗೆದಿಟ್ಟಿದ್ದ ತಾಯಿಗೆ ಅದು ಕೇಳಿಸಲಿಲ್ಲ.

ಆಮೇಲೆ ಅವರು ಮಿಷನ್ನುಗಳನ್ನು ಎತ್ತಿಕೊಂಡು, ತಾಯಿಯ ಕಿವಿಗೆ ತಾವೇ ಸಿಕ್ಕಿಸಿದರು.

"ಅವ್ವಾ, ಅಕ್ಕ ನನ್ನನ್ನ ಏನಂತ ಕರೀತಿದ್ಲು, ಜ್ಞಾಪಕ ಇದ್ಯಾ?"

ಜಯಮ್ಮ ಮಗನನ್ನೇ ದಿಟ್ಟಿಸಿದರು. "ಗುಂಡ ಅಂತಿದ್ಲು. ನೀನು ಕಲ್ಲು ತಗೊಂಡು ಅಟ್ಟಿಸ್ಕೊಂಡು ಹೋಗ್ತಿದ್ದೆ." ಅಮ್ಮ ಮಗ ಇಬ್ಬರೂ ನಗುತ್ತಲೇ ಅತ್ತರು.

ಆ ದನಿ ಮತ್ತೆ ಬರಲಿಲ್ಲ. ಮುಂದಿನ ಚೆಕಪ್ಪಿಗೆ ಬಂದಾಗ ಜಯಮ್ಮನವರೇ ಹಾಗೆಂದರು. ಈಗ ಮನೆಯಲ್ಲಿ ಊಟಕ್ಕೆ ಕೂತಾಗ ಶೀಲಳ ಮಾತು ಬರುತ್ತದಂತೆ. ಅದನ್ನು ಕೇಳುವುದಕ್ಕೆ ಮಿಷನ್ ಬೇಕು ಎಂದರು.

ಇಲ್ಲದ ಸದ್ದು ಕೇಳುತ್ತದೆ ಎನ್ನುವವರು ಈಗಲೂ ನನ್ನಲ್ಲಿಗೆ ಬರುತ್ತಾರೆ. ಯಾವ ಸದ್ದು, ಎಷ್ಟು ಜೋರು ಎಂದು ಕೇಳುವುದಕ್ಕೂ ಮೊದಲು ನಾನು ಕೇಳುವುದು ಇಷ್ಟೇ: ಅದು ನಿಲ್ಲಬೇಕು ಅಂತ ನಿಮಗಿದೆಯಾ?