ಧೂಪದ ಮರ ಬಿದ್ದ ಜಾಗ

ಮೊದಲ ದಿನ ಬೆಳಕೇ ಹರಿಯಲಿಲ್ಲ. ಹಕ್ಕಿ ಕೂಗಿದವು, ನಮ್ಮ ಯಜಮಾನರು ಖಾಕಿ ತೊಟ್ಟು ಹೊರಟರು, ಅಂಗಳದಲ್ಲಿ ಮಾತ್ರ ಮುಸ್ಸಂಜೆ. ಸೂರ್ಯನಿಗೆ ಕೈಮುಗಿಯದೆ ನಾನು ಬಾಯಿಗೆ ಏನೂ ಹಾಕುವವಳಲ್ಲ; ಅವ್ವ ಹಾಕಿಕೊಟ್ಟ ನೇಮ. ನಮ್ಮ ಗದಗಿನ ಕಡೆ ಬಾಗಿಲು ತೆಗೆದರೆ ಎದುರಿಗೇ ನಿಂತಿರುತ್ತಾನೆ. ಹೊನ್ನಾವರದ ಮೇಲಿನ ಆ ಕಾಡಿನ ಕ್ವಾರ್ಟರ್ಸಿನಲ್ಲಿ ನೆತ್ತಿಗೆ ಬಂದ ಮೇಲೆ ಎಲೆಸಂದಿಯಲ್ಲಿ ಒಂದು ಚೂರು ಕಂಡ. ಅಷ್ಟರಲ್ಲಿ ನನಗೆ ತಲೆ ಸುತ್ತುತ್ತಿತ್ತು.

ಪಕ್ಕದ ಮನೆಯ ಮಾದೇವಿ, ಫಾರೆಸ್ಟ್ ಗಾರ್ಡನ ಹೆಂಡತಿ, ಕುಮಟೆ ಹತ್ತಿರದ ಬಾಡ ಊರಿನವಳು, ಗಂಜಿ ತಂದಿಟ್ಟು ನಕ್ಕಳು. “ಎಂತ ಅಮ್ಮಾ, ಮಳೆಗಾಲದಲ್ಲಿ ಎಂತ ಮಾಡ್ತ್ರಿ? ನಾಕು ತಿಂಗಳು ಉಪಾಸವಾ?”

ಮಳೆಗಾಲಕ್ಕೆ ದೀಪ ನೋಡಿ ಉಂಡೆ. ದೇವರು ಒಪ್ಪಿಕೊಂಡಿರಬೇಕು, ಕಾಯಿಲೆ ಬೀಳಲಿಲ್ಲ. ಜೋಳದ ರೊಟ್ಟಿ ಇಲ್ಲ, ಮಾತಿಗೆ ಜನ ಇಲ್ಲ. ಮಾದೇವಿ ತವರಿಗೆ ಹೋದರೆ ನಾನು ದೇವರ ಪಟದ ಜೊತೆಗೇ ಮಾತಾಡಬೇಕು.

ಯಜಮಾನರು ಫಾರೆಸ್ಟರು. ಪೂರ್ತಿ ಬಲಿತ ಮರ ಆರಿಸಿ ಸುತ್ತಿಗೆಯಿಂದ ಇಲಾಖೆಯ ಮುದ್ರೆ ಒತ್ತುವುದು ಇವರ ಕೆಲಸ. ಮುದ್ರೆ ಬಿದ್ದದ್ದನ್ನಷ್ಟೇ ಕಡಿಯಬೇಕು. ಆಮೇಲೆ ಎಷ್ಟೋ ವರ್ಷ ಆ ಜಾಗಕ್ಕೆ ಗರಗಸ ಹೋಗಬಾರದು. ಎರಡನೆಯ ವರ್ಷ ಮನೆಯ ಮೂಡಣಕ್ಕಿದ್ದ ದೊಡ್ಡ ಧೂಪದ ಮರಕ್ಕೆ ಮುದ್ರೆ ಬಿತ್ತು. ಅದು ಉರುಳಿದಾಗ ಅಡುಗೆಮನೆಯ ಪಾತ್ರೆಗಳೆಲ್ಲ ಗಡಗಡ ಅಂದವು.

ಮರುದಿನ ಬಾಗಿಲು ತೆಗೆದೆ. ಸೂರ್ಯ! ಅವ್ವನ ಮನೆಯ ಅದೇ ಸೂರ್ಯ. ಕೈಮುಗಿದು ಅತ್ತುಬಿಟ್ಟೆ. ಬಿಸಿ ಚಹಾ ಬಿಸಿಯಾಗಿಯೇ ಕುಡಿದೆ. ಮೆಣಸಿನಕಾಯಿ ಒಣಗಿಸಿದೆ, ಅಲ್ಲೇ ಕೂತು ಹೊಲಿದೆ. ಒಬ್ಬಳೇ ಅನಿಸಲಿಲ್ಲ.

ಆದರೆ ನೆರಳಲ್ಲಿ ಕುಗ್ಗಿ ಕೂತಿದ್ದ ಧೂಪದ ಸಸಿಗಳೂ ಎದ್ದವು. ಕೆಲವೇ ಮಳೆಗಾಲದಲ್ಲಿ ನನ್ನನ್ನು ಮೀರಿದವು. ಸೂರ್ಯ ಮತ್ತೆ ತಡವಾಗತೊಡಗಿದ.

“ಕತ್ತಿ ಕೊಡಿ ಅಮ್ಮಾ, ನಾ ಸವರಿ ಹಾಕ್ತೆ. ಸಾಹೇಬ್ರಿಗೆ ಗೊತ್ತೂ ಆಗುದಿಲ್ಲ” ಅಂದಳು ಮಾದೇವಿ.

ಕದ್ದು ಮಾಡಲು ಮನಸ್ಸಾಗಲಿಲ್ಲ, ಇವರನ್ನೇ ಕೇಳಿದೆ. ಊಟ ನಿಲ್ಲಿಸಿದರು. “ಕಡದ ಮರದ ಬದಲಿ ಬೆಳಿಯೂ ಸಸಿ ಅವ. ಅವನ್ನೂ ಸವರಿದರ ನಮ್ಮದು ಬರೇ ಲೂಟಿ ಆತು. ಆದರ ಹಗಲೆಲ್ಲಾ ಒಬ್ಬಾಕೀನ ಇರಾಕಿ ನೀನು. ನೀನ ನೋಡು.”

ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬೆಳಿಗ್ಗೆ ಕತ್ತಿ ಹಿಡಿದು ಹೋದೆ. ಎಳೆ ಎಲೆಗಳು ಕೆಂಪಗೆ, ಎಲ್ಲವೂ ಮೇಲಕ್ಕೆ ಮುಖ ಮಾಡಿದ್ದವು. ಅವೂ ಸೂರ್ಯನನ್ನು ಕಂಡೇ ಉಣ್ಣುವವು. ಸಸಿಗಳಿಗೆ ಸುತ್ತಿಕೊಂಡಿದ್ದ ಬಳ್ಳಿಗಳನ್ನಷ್ಟೇ ಕಡಿದು ಬಿಡಿಸಿ ಬಂದೆ. ಆ ದಿನ ಉಂಡಾಗ ಹೊತ್ತು ನೆತ್ತಿಗೇರಿತ್ತು.

ಈಗ ತವರಿಗೆ ಬಂದಿದ್ದೇನೆ. ಬಿಸಿಲಿಗೆ ಬರವಿಲ್ಲ, ಹೊತ್ತಿಗೆ ಮುಂಚೆಯೇ ರೊಟ್ಟಿ. ಅವ್ವನಿಗೆ ಸಮಾಧಾನ. ನನಗೆ ಮಾತ್ರ ತುತ್ತು ಎತ್ತಿದಾಗೆಲ್ಲ ಒಂದೇ ಚಿಂತೆ: ಆ ಸಸಿಗಳ ಸುತ್ತಲಿನ ಬೇಲಿ ಸಡಿಲವಾಗಿತ್ತು, ಮಾದೇವಿಯ ದನ ನುಗ್ಗಿ ಬಗ್ಗಿಸಿ ಆ ಕುಡಿಗಳನ್ನು ಮೇಯದಿದ್ದರೆ ಸಾಕು.