ಎಂಜಿನ್ನಿಗೆ ಇಟ್ಟಿದ್ದ ಮಳೆನೀರು

ನಮ್ಮ ಮಾವ ರಾಯಚೂರಿನಲ್ಲಿ ರೈಲ್ವೆ ಫಿಟ್ಟರ್ ಆಗಿದ್ದವರು. ಮನೆಯ ಜನಕ್ಕಿಂತ ಅವರಿಗೆ ಒಂದು ಪುಟ್ಟ ಉಗಿ ಎಂಜಿನ್ ಮೇಲೆ ಜೀವ. ಗೊಂಬೆಯಲ್ಲ, ತೊಟ್ಟಿಲಿನಷ್ಟು ಉದ್ದದ, ಕಲ್ಲಿದ್ದಲು ಉರಿಸಿ ನಿಜವಾಗಿ ಓಡುವ ಎಂಜಿನ್. ನಿಜಾಮರ ಕಾಲದ ಸಾಹೇಬನೊಬ್ಬ ಊರು ಬಿಡುವಾಗ ಮಾವನ ಗುರುವಿಗೆ ಕೊಟ್ಟದ್ದು, ಅವರಿಂದ ಇವರಿಗೆ ಬಂದದ್ದು. ಅಂಗಳದಲ್ಲಿ ಗುಂಡಗೆ ಕಂಬಿ ಹಾಕಿದ್ದರು. ಹಿಂದೆ ಕಟ್ಟಿದ ಗಾಲಿ ಹಲಗೆಯ ಮೇಲೆ ಒಬ್ಬರು ಕೂತರೆ ಎಳೆದುಕೊಂಡು ಹೋಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ನಾನು ದೇವದುರ್ಗದಿಂದ ಸೊಸೆಯಾಗಿ ಬಂದಾಗ ಮಾವ ಮೊದಲು ಹೇಳಿಕೊಟ್ಟದ್ದು ಎಂಜಿನ್ನಿನ ನೀರಿನ ಮಡಿ. ನಮ್ಮ ಬಾವಿಯದು ಸವುಳು ನೀರು. ಅದನ್ನು ಹಾಕಿದರೆ ಬಾಯ್ಲರಿನಲ್ಲಿ ನೊರೆ ಏಳುತ್ತದೆ, ಸುಣ್ಣ ಕಟ್ಟುತ್ತದೆ. ಅದಕ್ಕೆ ತಗಡಿನ ಮೇಲೆ ಬಿದ್ದ ಮಳೆನೀರನ್ನು ಸೋಸಿ, ಹಂಡೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದರು. ಸವುಳು ನೀರಲ್ಲಿ ಬೇಳೆಯೂ ಬೇಯುವುದಿಲ್ಲ. ಒಲೆ ಊದಿ ಊದಿ ನನ್ನ ಕಣ್ಣು ಕೆಂಪಾಗುತ್ತಿದ್ದವು. ಎಂಜಿನ್ನಿಗೆ ಸಿಹಿನೀರು, ನನಗೆ ಸವುಳು! ಒಳಗೊಳಗೇ ಉರಿದುಕೊಳ್ಳುತ್ತಿದ್ದೆ.

ಮಾವನ ಅಣ್ಣ, ನಮ್ಮ ದೊಡ್ಡಮಾವ, ಮಾನವಿ ಕಡೆಯ ಮಲ್ಲಟದಲ್ಲಿ ಒಕ್ಕಲುತನ ಮಾಡುತ್ತಿದ್ದರು. ತಮ್ಮನಾದವನು ಹೊಲ ಬಿಟ್ಟು ರೈಲ್ವೆ ಸೇರಿದ್ದು ಅವರಿಗೆ ಸರಿಬಂದಿರಲಿಲ್ಲ. ಎಂಜಿನ್ನಿನ ಮಾತೆತ್ತಿದರೆ ಹುಡುಗಾಟ ಎಂದು ಮುಖ ತಿರುಗಿಸುವರು. ಅಣ್ಣ ಒಮ್ಮೆ ನೋಡಬೇಕು, ಭೇಷ್ ಅನ್ನಬೇಕು ಎಂಬುದೊಂದೇ ಮಾವನ ಆಸೆ.

ಒಂದು ಬೇಸಿಗೆ ದೊಡ್ಡಮಾವ ದೇವಸುಗೂರಿನ ದೇವರಿಗೆ ಹೋದವರು, ಹೆಂಡತಿ ಮೊಮ್ಮಕ್ಕಳ ಸಮೇತ ಸುಡು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಕುಡಿಯುವುದಕ್ಕಷ್ಟೇ ಸಾಲುತ್ತಿದ್ದ ಬೀದಿ ನಲ್ಲಿಯ ನೀರೂ ಅವತ್ತು ಬಂದಿರಲಿಲ್ಲ. ನಾನು ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಬಂದ ಹಿರಿಯರಿಗೆ ಬೆಲ್ಲದ ಜೊತೆ ಸವುಳು ನೀರು ಕೊಡುವುದೇ? ನನ್ನವ್ವನಿಗೆ ಗೊತ್ತಾದರೆ ಕೆನ್ನೆಗೆ ಬಾರಿಸುತ್ತಿದ್ದಳು. ಹಂಡೆಯ ಬಟ್ಟೆ ಬಿಚ್ಚಿದೆ. ಮಾವ ನೋಡಿದರು, ಬೇಡ ಅನ್ನಲಿಲ್ಲ. ತಳದಲ್ಲಿ ಉಳಿದಿದ್ದಷ್ಟೂ ಖಾಲಿಯಾಯಿತು.

ಬಿಸಿಲು ಇಳಿದ ಮೇಲೆ ದೊಡ್ಡಮಾವ ತಾವಾಗಿಯೇ, ಎಲ್ಲಿ ನಿನ್ನ ಗಾಡಿ, ಓಡಿಸು ನೋಡೋಣ ಅಂದರು. ಮಾವ ನನ್ನ ಕಡೆ ತಿರುಗಿದರು. ನಾನು ಹಂಡೆ ಬಗ್ಗಿಸಿ ತೋರಿಸಿದೆ.

"ಒಂದ್ ಸಲಕ್ಕ ಏನಾಗಂಗಿಲ್ಲ. ಬಾವಿ ನೀರು ತಾ," ಎಂದರು ಮಾವ, ಮೆಲ್ಲಗೆ. ನಾನೇ ಸೇದಿ ತಂದೆ.

ದೊಡ್ಡಮಾವ ಧೋತರ ಎತ್ತಿಕೊಂಡು ಹಲಗೆಯ ಮೇಲೆ ಕೂತರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಮೊಮ್ಮಕ್ಕಳಿಗಿಂತ ಜೋರಾಗಿ ನಗುತ್ತಿದ್ದರು. "ಭೇಷ್ ಲೇ ತಮ್ಮಾ," ಅಂದರು. ಮಾವನ ಕಣ್ಣು ತುಂಬಿ ಬಂದವು. ಇನ್ನೊಂದು ಸುತ್ತು, ಮತ್ತೊಂದು. ನೊರೆಯಿಂದಾಗಿ ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆಯಲ್ಲಿ ನೀರಿದ್ದಂತೆ ಕಾಣುತ್ತಿತ್ತು, ಒಳಗೆ ಬತ್ತಿಹೋಗಿತ್ತು. ಬಾಯ್ಲರಿನ ಬೆಸುಗೆ ಕರಗಿ, ಬುಸ್ಸೆಂದು ಉಗಿ ಹೊರಬಿದ್ದು ಎಂಜಿನ್ ನಿಂತಿತು. ಬಾಯ್ಲರ್ ಬದಲಿಸದೆ ಅದು ಮತ್ತೆ ಓಡುವಂತಿರಲಿಲ್ಲ. ಬದಲಿಸಿದರೆ ಅದು ಗುರುಗಳ ಎಂಜಿನ್ ಅಲ್ಲ ಎಂಬುದು ಮಾವನ ಹಟ. ಕೆಟ್ಟಿತೆಂದು ಬಾಯಿಬಿಡದೆ ಅಣ್ಣನಿಗೆ ಅವರು ಹೇಳಿದ್ದು ಇಷ್ಟೇ: ಮಳೆನೀರು ಮುಗಿದಿದೆ, ಅದಿಲ್ಲದೆ ಇದು ಓಡುವುದಿಲ್ಲ.

ದೊಡ್ಡಮಾವ ಖಾಲಿ ಹಂಡೆ ನೋಡಿದರು. ತಾವು ಕುಡಿದದ್ದು ಯಾವ ನೀರೆಂದು ತಿಳಿದು ಮುಖ ಸಣ್ಣದಾಯಿತು.

ಮುಂದಿನ ಮಳೆಗಾಲ ಮುಗಿಯುತ್ತಲೇ ದೊಡ್ಡಮಾವ ಮಾನವಿ ಬಸ್ಸಿನಿಂದ ಕೊಡ ಹೊತ್ತು ಇಳಿದರು. ಮಲ್ಲಟದ ಮಳೆನೀರು, ಎಂಜಿನ್ನಿಗೆ. ಆಮೇಲೆ ವರ್ಷವರ್ಷವೂ ತಂದರು. ಓಡಿಸು ಅಂದರೆ ಮಾವ ಇವತ್ತು ಕಲ್ಲಿದ್ದಲು ಇಲ್ಲ ಅನ್ನುವರು, ಮೈಯಲ್ಲಿ ಹುಷಾರಿಲ್ಲ ಅನ್ನುವರು. ನಿಜ ಹೇಳಿದರೆ ಆ ಪಾಪ ಅಣ್ಣನ ತಲೆಗೆ ಕಟ್ಟಿದಂತಾಗುತ್ತದೆ ಎಂದು ಅವರ ಸಂಕಟ. ಆ ನೀರು ಚೆಲ್ಲಲು ನನಗೆ ಕೈ ಬರಲಿಲ್ಲ. ಬೇಳೆಗೆ ಹಾಕಿದೆ. ಬೆಣ್ಣೆಯಂತೆ ಬೆಂದಿತು.

ಒಂದು ವರ್ಷ ದೊಡ್ಡಮಾವ ಕೊಡ ತಂದವರು ನಾಲ್ಕು ದಿನ ಉಳಿದರು. ಊಟದ ನಡುವೆ ತುತ್ತು ನಿಲ್ಲಿಸಿ, "ನಿಮ್ಮ ಬಾವಿ ನೀರಾಗ ಬ್ಯಾಳಿ ಹಿಂಗ ಬೇಯಂಗಿಲ್ಲಲ್ಲ ಯವ್ವಾ?" ಅಂದರು.

ನಾನು ಅವರ ತಾಟಿಗೆ ಇನ್ನೊಂದು ಸೌಟು ಬೇಳೆ ಬಡಿಸಿದೆ. ದೊಡ್ಡಮಾವ ಕೈ ತೊಳೆದು, ಮೂಲೆಯಲ್ಲಿ ಎಣ್ಣೆ ಸವರಿ ಇಟ್ಟಿದ್ದ ಎಂಜಿನ್ನಿನ ಮೇಲೆ ಕೈಯಾಡಿಸಿದರು. ಬೆಸುಗೆ ಬಿಟ್ಟ ಜಾಗಕ್ಕೆ ಬೆರಳು ತಾಗಿ ನಿಂತಿತು. ಸಂಜೆ ಬಸ್ಸಿಗೆ ಹೋದರು.

ಇನ್ನು ಬರಲಾರರು ಅಂದುಕೊಂಡೆವು. ಮರುವರ್ಷ ಬಂದರು, ತಲೆಯ ಮೇಲೆ ಕೊಡ. ಎಂಜಿನ್ನಿನ ಕಡೆ ಹೋಗಲಿಲ್ಲ. ಸೀದಾ ಅಡಿಗೆಮನೆಗೆ ಬಂದು ನನ್ನ ಮುಂದೆ ಇಳಿಸಿದರು.

"ಬ್ಯಾಳಿಗೆ ತಂದೀನಿ ಯವ್ವಾ," ಅಂದರು.